ಕೆಂಪು ಪಾಚಿಯ ಮೇಲಿನ ಗಂಟು ಪರಾವಲಂಬಿಯೇ? ಪತ್ತೆ ಹಚ್ಚುವುದು, ಗುಂಪಿಗೆ ಸೇರಿಸುವುದು ಹೇಗೆ

ಗೋಕರ್ಣದ ಓಂ ಬೀಚಿನ ಬಂಡೆಗಳ ಮೇಲೆ, ಇಲ್ಲಾ ಮುರುಡೇಶ್ವರ ಕಡೆಯ ಕಲ್ಲುಗಳ ಮೇಲೆ, ನೀರು ಇಳಿದ ಹೊತ್ತಲ್ಲಿ ಹೋಗಿ ನೋಡಿದರೆ ಕೆಂಪು ಪಾಚಿ ಬೇಕಾದಷ್ಟು ಸಿಗುತ್ತದೆ. ಕೈಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇದ್ದರೆ ಅದರ ಟಿಸಿಲುಗಳ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಕೆಲವು ಆ ಪಾಚಿಯದೇ ಭಾಗ. ಕೆಲವು ರೋಗ. ಕೆಲವು ಹುಳುವಿನ ಮನೆ. ಅಪರೂಪಕ್ಕೊಂದು ಗಂಟು ಬೇರೆಯದೇ ಕೆಂಪು ಪಾಚಿ ಆಗಿರಬಹುದು, ಕೆಳಗಿನ ಪಾಚಿಯ ಒಳಗೆ ಎಳೆ ಇಳಿಸಿ ಅದರ ಆಹಾರದಲ್ಲೇ ಬದುಕುವಂಥದ್ದು. ಇದನ್ನು ಬೇರ್ಪಡಿಸಿ ನೋಡುವುದು ಹೇಗೆ, ಸಿಕ್ಕರೆ ಯಾವ ಗುಂಪಿಗೆ ಸೇರಿಸುವುದು ಅನ್ನುವುದೇ ಇಲ್ಲಿಯ ವಿಷಯ. ಬಿ.ಎಸ್ಸಿ. ಓದುವವರಿಗೂ ಆಗುತ್ತದೆ, ಸುಮ್ನೆ ಕುತೂಹಲ ಇರುವವರಿಗೂ ಆಗುತ್ತದೆ.

ಶಿರಸಿ ಕಡೆಯವರಿಗೆ ಬಂದಳಿಕೆ ಗೊತ್ತೇ ಇರುತ್ತದೆ. ಮಾವಿನ ಕೊಂಬೆಯಲ್ಲಿ ಕೂತು ಮರದ ರಸ ಹೀರುವ ಗಿಡ. ಆದರೆ ಬಂದಳಿಕೆಗೂ ಮಾವಿಗೂ ನೆಂಟಸ್ತನ ಇಲ್ಲ. ಕೆಂಪು ಪಾಚಿಯ ಪರಾವಲಂಬಿಗಳ ಕಥೆ ಇದಕ್ಕೆ ತದ್ವಿರುದ್ಧ. ಅವುಗಳಲ್ಲಿ ಬಹುಪಾಲು ತಾವು ಹೀರುವ ಪಾಚಿಯ ಹತ್ತಿರದ ಸಂಬಂಧಿಗಳೇ. ಹಾಗಾಗಿ ಮೊದಲು ಆಸರೆ ಪಾಚಿಯ ಹೆಸರು ಪತ್ತೆ ಮಾಡಿ, ಆಮೇಲೆ ಗಂಟಿಗೆ ಕೈ ಹಾಕಿ. ಗಂಟಿನ ಆಕಾರ ನೋಡಿ ಹೆಸರಿಡಲು ಹೋದವರು ದಶಕಗಟ್ಟಲೆ ದಾರಿ ತಪ್ಪಿದ್ದಾರೆ, ಆ ಕಥೆ ಕೆಳಗೆ ಬರುತ್ತದೆ.

ಯಾವಾಗ, ಎಲ್ಲಿ ಹೋಗುವುದು

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದಿನಗಳಲ್ಲಿ ನೀರು ಜಾಸ್ತಿ ಕೆಳಗಿಳಿಯುತ್ತದೆ. ಇಳಿತದ ಸಮಯ ಮೊಬೈಲಿನಲ್ಲಿ ನೋಡಿಕೊಂಡು ಅದಕ್ಕೆ ಒಂದು ಗಂಟೆ ಮೊದಲೇ ಬಂಡೆ ಹತ್ತಿರ ಇರಬೇಕು, ಯಾಕೆಂದರೆ ಎಲ್ಲಕ್ಕಿಂತ ಕೆಳಗಿನ ಪಟ್ಟಿ ತೆರೆದುಕೊಳ್ಳುವುದು ಸ್ವಲ್ಪ ಹೊತ್ತು ಮಾತ್ರ. ಕಾರವಾರದ ಟಾಗೋರ್ ಬೀಚ್ ಬರೀ ಮರಳು. ಅಲ್ಲಿ ಅಲೆ ತಂದು ಹಾಕಿದ ಪಾಚಿ ಮಾತ್ರ ಸಿಗುತ್ತದೆ, ಅದು ಕೊಳೆತಿರುತ್ತದೆ, ಬಿಟ್ಟುಬಿಡಿ. ನೌಕಾನೆಲೆಯ ಕಡೆ, ಅಂಜುದೀವ್ ಕಡೆ ಹೋಗುವ ಹಾಗಿಲ್ಲ. ಕುಡ್ಲೆ, ಓಂ ಬೀಚ್, ಮುರುಡೇಶ್ವರ ಕಡೆ ಕಲ್ಲಿದೆ. ಸಿಂಪಿ ಚಿಪ್ಪು ಕಾಲು ಸೀಳುತ್ತದೆ, ಹಳೆ ಬೂಟು ಹಾಕಿಕೊಳ್ಳಿ. ಆಷಾಢದಲ್ಲಿ ಬಂಡೆ ಹತ್ತುವ ಸಾಹಸ ಬೇಡವೇ ಬೇಡ.

ಹಸಿರು ಪಾಚಿ, ಸರ್ಗಾಸಮ್, ಪಡೈನಾ ತರಹದ ಕಂದು ಪಾಚಿ ಇವನ್ನೆಲ್ಲ ದಾಟಿ ಹೋಗಿ. ನಾವು ಹುಡುಕುವ ಪರಾವಲಂಬಿಗಳ ಆಸರೆ ಕೆಂಪು ಪಾಚಿಯೇ. ಹುಡುಕುವ ಕೆಲಸ ಅಲ್ಲೇ ಅರ್ಧಕ್ಕಿಂತ ಕಡಿಮೆ ಆಯಿತು.

ಮೊದಲು ಆಸರೆ ಪಾಚಿ

ಪಶ್ಚಿಮ ಕರಾವಳಿಯ ಬಂಡೆಗಳಲ್ಲಿ ಸಿಗುವ ಕೆಂಪು ಪಾಚಿಗಳಲ್ಲಿ ಕೆಲವು ಕುಲಗಳ ಗುರುತು ಕಲಿತರೆ ಸಾಕು. ಗ್ರಾಸಿಲೇರಿಯಾ ಗಟ್ಟಿಯಾಗಿ, ಮೃದ್ವಸ್ಥಿಯ ಹಾಗೆ ಬಾಗಿದರೆ ಪುಟಿಯುತ್ತದೆ. ಅದರ ಕಾರ್ಟಿಕೇಟಾ ಪ್ರಭೇದ ಚಪ್ಪಟೆ ಟಿಸಿಲಿನದು. ಹಿಪ್ನಿಯಾ ತೆಳು ದಾರ, ಮೈತುಂಬ ಮುಳ್ಳಿನಂಥ ಸಣ್ಣ ಕೊಂಬೆ, ಒಂದು ಪ್ರಭೇದದಲ್ಲಿ ತುದಿ ಕೊಕ್ಕೆಯಾಗಿ ಬಾಗಿರುತ್ತದೆ. ಲಾರೆನ್ಸಿಯಾ ಮತ್ತು ಅದರ ಬಳಗದಲ್ಲಿ ಕೊಂಬೆಯ ತುದಿ ಮೊಂಡು, ಆ ತುದಿಯಲ್ಲಿ ಒಂದು ಗುಳಿ. ಅಕ್ಯಾಂಥೊಫೊರಾಕ್ಕೆ ಗಿಡ್ಡ ಮುಳ್ಳುಗಳು. ಪಾಲಿಸೈಫೋನಿಯಾ ಕೂದಲಿನ ಹಾಗೆ, ಅಡ್ಡ ಕತ್ತರಿಸಿದರೆ ನಡುವೆ ಒಂದು ಜೀವಕೋಶ, ಸುತ್ತ ಉಂಗುರದಲ್ಲಿ ನಾಲ್ಕೋ ಹೆಚ್ಚೋ. ಗ್ರೇಟೆಲೂಪಿಯಾ ಜಾರುವ ಪಟ್ಟಿ, ಜೆಲಿಡಿಯಮ್ ಗಿಡ್ಡ ತಂತಿ.

ಆಸರೆ ಗೊತ್ತಾದರೆ ಯಾವ ಪರಾವಲಂಬಿ ಸಾಧ್ಯ ಎಂಬ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಗ್ರಾಸಿಲೇರಿಯಾ ಬಳಗದ ಮೇಲೆ ಯುರೋಪಿನಲ್ಲಿ ಹೋಮ್‌ಸೆಲ್ಲಾ, ಕ್ಯಾಲಿಫೋರ್ನಿಯಾದಲ್ಲಿ ಗ್ರಾಸಿಲೇರಿಯೊಫಿಲಾ, ಆಗ್ನೇಯ ಏಷ್ಯಾ ಮತ್ತು ಜಪಾನ್ ಕಡೆ ಗ್ರಾಸಿಲೇರಿಯಾ ಸಾಲಿಕಾರ್ನಿಯಾದ ಮೇಲೆ ಕಾಂಗ್ರಾಸಿಲೇರಿಯಾ. ಈ ಕೊನೆಯದನ್ನು ವಿವರಿಸಿ ಹೆಸರಿಟ್ಟದ್ದು 1986ರಲ್ಲಿ. ಲಾರೆನ್ಸಿಯಾ ಬಳಗದ ಮೇಲೆ ಜಾಂಚೆವ್‌ಸ್ಕಿಯಾ. ಹಿಪ್ನಿಯಾ ಮೇಲೆ ಹಿಪ್ನಿಯೊಕೊಲ್ಯಾಕ್ಸ್. ಇದನ್ನು 1920ರಲ್ಲಿ ವೆಸ್ಟ್ ಇಂಡೀಸಿನಿಂದ ವರ್ಣಿಸಿದವರು ಡೆನ್ಮಾರ್ಕಿನ ಪಾಚಿ ತಜ್ಞ ಬೋರ್ಗೆಸೆನ್. ಇದೇ ಬೋರ್ಗೆಸೆನ್ 1930ರ ದಶಕದಲ್ಲಿ ಬಾಂಬೆ ಪ್ರೆಸಿಡೆನ್ಸಿ ತೀರದ ಕೆಂಪು ಪಾಚಿಗಳ ಬಗ್ಗೆಯೂ ಬರೆದಿದ್ದಾರೆ. ಆಗ ಕಾರವಾರವೂ ಅದೇ ಪ್ರೆಸಿಡೆನ್ಸಿಯಲ್ಲಿ ಇತ್ತು. ಹಾಗಾಗಿ ನಮ್ಮ ಪಾಚಿಗಳ ಹೆಸರು ಹುಡುಕುವಾಗ ಈ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ.

ಮೋಸ ಮಾಡುವ ಗಂಟುಗಳು

ಇದು ಎಲ್ಲಕ್ಕಿಂತ ಮುಖ್ಯ. ಆತುರ ಮಾಡಿದವರು ಎಡವುವುದು ಇಲ್ಲೇ.

ಪರಾವಲಂಬಿ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಇರುತ್ತದೆ. ಬಿಳಿ, ಕೆನೆ ಬಣ್ಣ, ಇಲ್ಲಾ ಮಾಸಲು ಗುಲಾಬಿ. ಉಂಡೆಯಾಗಿ, ದಿಂಬಿನ ಹಾಗೆ ಉಬ್ಬಿ, ಕೆಲವೊಮ್ಮೆ ನಕ್ಷತ್ರದ ಹಾಗೆ ಟಿಸಿಲೊಡೆದು ಇರುತ್ತದೆ. ಬಣ್ಣ ಕಡಿಮೆ ಆಗಿರುವುದು ತಾನೇ ಬೆಳಕಿನಿಂದ ಆಹಾರ ಮಾಡಿಕೊಳ್ಳುವುದನ್ನು ಬಿಟ್ಟದ್ದರಿಂದ. ಆದರೆ ಬಣ್ಣ ಒಂದನ್ನೇ ನಂಬಬೇಡಿ. ಬಿಸಿಲಿಗೆ ಬಿದ್ದ ಗ್ರಾಸಿಲೇರಿಯಾ ತಾನೇ ಹಳದಿ ಹಸಿರಾಗಿರುತ್ತದೆ. ಇತ್ತ ಜಾಂಚೆವ್‌ಸ್ಕಿಯಾದಂಥ ಪರಾವಲಂಬಿಗೆ ಸಾಕಷ್ಟು ಬಣ್ಣ ಉಳಿದಿರುತ್ತದೆ.

ನಿಮಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಸಿಸ್ಟೊಕಾರ್ಪ್ ಆಗಿರುತ್ತವೆ. ಕೆಂಪು ಪಾಚಿಯ ಹೆಣ್ಣು ಗಿಡದಲ್ಲಿ ಫಲ ಕಟ್ಟಿದ ಮೇಲೆ ಅದರ ಮೈಮೇಲೆಯೇ ಎದ್ದು ಬರುವ ಗುಮ್ಮಟ ಇದು. ಗ್ರಾಸಿಲೇರಿಯಾದಲ್ಲಂತೂ ಟಿಸಿಲಿನ ಉದ್ದಕ್ಕೂ ಸಾಲಾಗಿ ಇರುತ್ತವೆ. ಬಣ್ಣ ಗಿಡದ್ದೇ, ಮೈ ನುಣುಪು, ತುದಿಯಲ್ಲಿ ಒಂದು ಚಿಕ್ಕ ರಂಧ್ರ. ರಂಧ್ರ ಕಂಡಿತು, ಬಣ್ಣವೂ ಗಿಡದ್ದೇ ಅಂದರೆ ಅದನ್ನು ಬಿಟ್ಟು ಮುಂದೆ ಹೋಗಿ.

ಎರಡನೆಯದು ಸುಣ್ಣದ ಜೀವಿಗಳು: ಬಿಳಿ ಮಚ್ಚೆಯಂತೆ ಹರಡುವ ಕಲ್ಲುಪಾಚಿ, ಸುರುಳಿ ಕೊಳವೆಯ ಪುಟ್ಟ ಹುಳು, ಬಲೆಯಂಥ ಬ್ರಯೊಜೋವಾ. ಒಂದು ಹನಿ ವಿನೆಗರ್ ಹಾಕಿ ಲೆನ್ಸಿನಲ್ಲಿ ನೋಡಿ. ಗುಳ್ಳೆ ಎದ್ದರೆ ಸುಣ್ಣ, ನಮಗೆ ಬೇಡ.

ಮೂರನೆಯದು ಮೇಲೆ ಸುಮ್ನೆ ಅಂಟಿಕೊಂಡ ಬೇರೆ ಪಾಚಿಯ ಮರಿ. ಉಗುರಿನಿಂದ ಮೆಲ್ಲಗೆ ಕೆರೆದರೆ ಇದು ಸಲೀಸಾಗಿ ಕಿತ್ತು ಬರುತ್ತದೆ, ಕೆಳಗಿನ ಮೈಗೆ ಏನೂ ಆಗಿರುವುದಿಲ್ಲ. ಪರಾವಲಂಬಿ ಹಾಗೆ ಬರುವುದಿಲ್ಲ, ಆಸರೆಯ ತುಂಡನ್ನೂ ಹರಿದುಕೊಂಡು ಬರುತ್ತದೆ.

ನಾಲ್ಕನೆಯದು ನಿಜಕ್ಕೂ ಕಷ್ಟದ್ದು: ಬ್ಯಾಕ್ಟೀರಿಯಾ ತಗುಲಿ ಪಾಚಿ ತಾನೇ ಉಬ್ಬಿಸಿಕೊಂಡ ಗಡ್ಡೆ. ಕ್ಯಾಲಿಫೋರ್ನಿಯಾದ ಪ್ರಯೊನೈಟಿಸ್ ಎಂಬ ಪಾಚಿಯ ಮೇಲೆ ಇಂಥ ಗಡ್ಡೆಗಳಿದ್ದು ಅವು ಬ್ಯಾಕ್ಟೀರಿಯಾದ ಕೆಲಸ ಎಂದು ತೋರಿಸಿದ್ದಾರೆ. ಹೊರಗಿನಿಂದ ನೋಡಿದರೆ ಪರಾವಲಂಬಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಒಳಗೆ ನೋಡಬೇಕು. ಗಡ್ಡೆಯಲ್ಲಿ ಅದರದ್ದೇ ಬೀಜಕಗಳು (ಸ್ಪೋರ್) ಇರುವುದಿಲ್ಲ. ಪರಾವಲಂಬಿ ಸ್ವತಂತ್ರ ಜೀವಿ, ಅದಕ್ಕೆ ಅದರದ್ದೇ ಗಂಡು, ಹೆಣ್ಣು, ಬೀಜಕ ಎಲ್ಲ ಇರುತ್ತದೆ. ನನ್ನ ಮಟ್ಟಿಗೆ ಬೀಜಕ ಕಾಣುವ ತನಕ ಯಾವ ಗಂಟನ್ನೂ ಪರಾವಲಂಬಿ ಅಂತ ಬರೆಯಬಾರದು.

ಕತ್ತರಿಸಿ ನೋಡುವುದು

ಹೊಸ ಬ್ಲೇಡ್ ಬೇಕು, ಒಮ್ಮೆ ಬಳಸಿದ್ದು ಆಗಲ್ಲ. ಗಂಟಿರುವ ಟಿಸಿಲನ್ನು ಕ್ಯಾರೆಟ್ ತುಂಡಿನ ಸೀಳಿನಲ್ಲಿ ಸಿಕ್ಕಿಸಿ, ಎರಡನ್ನೂ ಸೇರಿಸಿ ತೆಳ್ಳಗೆ ಅಡ್ಡ ಕತ್ತರಿಸುತ್ತಾ ಹೋಗಿ. ಗಂಟು ಮತ್ತು ಆಸರೆ ಸೇರುವ ಜಾಗ ಸಿಗುವುದು ಮುಖ್ಯ. ಗಂಟಿನ ನೆತ್ತಿ ಮಾತ್ರ ಸಿಕ್ಕರೆ ಉಪಯೋಗ ಇಲ್ಲ. ಶೇಕಡಾ 1ರ ಅನಿಲಿನ್ ಬ್ಲೂ ಹಾಕಿ, ಸ್ವಲ್ಪ ತೆಳು ಆಮ್ಲದಿಂದ ಬಣ್ಣ ಹಿಡಿಸಿ, ಗ್ಲಿಸರಿನ್‌ನಲ್ಲಿ ಇಟ್ಟು ಮೈಕ್ರೋಸ್ಕೋಪ್ ಅಡಿಗೆ ತನ್ನಿ. ಇನ್ನೊಂದು ಚೂರಿಗೆ ಅಯೋಡಿನ್ ಹಾಕಿ. ಕೆಂಪು ಪಾಚಿಯ ಪಿಷ್ಟ ಆಲೂಗಡ್ಡೆಯ ಹಾಗೆ ಕಡುನೀಲಿ ಆಗುವುದಿಲ್ಲ, ಕಂದು ಕೆಂಪಿಗೆ ತಿರುಗುತ್ತದೆ. ಮೈಕ್ರೋಸ್ಕೋಪ್ ಇಲ್ಲದವರು ಹತ್ತಿರದ ಕಾಲೇಜಿನಲ್ಲಿ ಕೇಳಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೇ ಇದೆ.

ಈಗ ಮೂರು ವಿಷಯ ಹುಡುಕಿ. ಆಸರೆಯ ಜೀವಕೋಶಗಳ ನಡುವೆ ನುಗ್ಗಿದ ಬಣ್ಣವಿಲ್ಲದ ತೆಳು ಎಳೆಗಳಿವೆಯೇ. ಆ ಎಳೆಗಳಿಗೂ ಆಸರೆಯ ಜೀವಕೋಶಗಳಿಗೂ ನಡುವೆ ಬಿರಡೆ ಹಾಕಿದಂಥ ಕೊಂಡಿ, ಅಂದರೆ ಪಿಟ್ ಕನೆಕ್ಷನ್ ಇದೆಯೇ. ಅದರ ಸುತ್ತಲಿನ ಆಸರೆಯ ಜೀವಕೋಶಗಳು ಬೇರೆಯವುಗಳಿಗಿಂತ ದೊಡ್ಡದಾಗಿ ಊದಿಕೊಂಡಿವೆಯೇ. ಮೂರೂ ಇದ್ದು, ಮೇಲೆ ಬೀಜಕವೂ ಇದ್ದರೆ ಖುಷಿಪಡಬಹುದು.

ಈ ಕೊಂಡಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಡೀ ವಿಕಾಸದ ಕಥೆಯ ಬೀಗದ ಕೈ ಇದೇ. ಕೆಂಪು ಪಾಚಿಗಳಲ್ಲಿ ಒಂದು ಜೀವಕೋಶ ಒಂದು ಪುಟ್ಟ ಮರಿಕೋಶ ಮಾಡಿ, ಅದನ್ನು ಪಕ್ಕದ ಜೀವಕೋಶದ ಜತೆ ಬೆಸೆದು ಕೊಂಡಿ ಹಾಕುವುದು ಮಾಮೂಲಿ ಸಂಗತಿ. ಒಂದೇ ಗಿಡದೊಳಗೆ ದಿನವೂ ನಡೆಯುವ ಕೆಲಸ. ಪರಾವಲಂಬಿ ಇದನ್ನೇ ಆಸರೆಯ ಜೀವಕೋಶದ ಮೇಲೆ ಮಾಡುತ್ತದೆ. ಬೆಸುಗೆ ಆದಾಗ ಮರಿಕೋಶದ ಜತೆ ಪರಾವಲಂಬಿಯ ಕೋಶಕೇಂದ್ರವೂ ಆಸರೆಯ ಒಳಗೆ ಸೇರಿಬಿಡುತ್ತದೆ! ಲಿಂಡಾ ಗಾಫ್ ಮತ್ತು ಆನೆಟ್ ಕೋಲ್ಮನ್ ಎಂಬ ವಿಜ್ಞಾನಿಗಳು ಇದನ್ನು ಪಾಲಿಸೈಫೋನಿಯಾ ಬಳಗದ ಮೇಲೆ ಬದುಕುವ ಕೊರಿಯೊಕೊಲ್ಯಾಕ್ಸ್ ಎಂಬ ಪರಾವಲಂಬಿಯಲ್ಲಿ ತೋರಿಸಿದ್ದು 1984ರಲ್ಲಿ. ಒಳಸೇರಿದ ಮೇಲೆ ಆಸರೆಯ ಜೀವಕೋಶ ಊದುತ್ತದೆ, ಅದರಲ್ಲಿ ಪಿಷ್ಟ ಸೇರುತ್ತದೆ. ಗ್ರಾಸಿಲೇರಿಯೊಫಿಲಾದಂಥವುಗಳಲ್ಲಿ ಇನ್ನೂ ಮುಂದೆ ಹೋಗಿ ಪರಾವಲಂಬಿಯ ಕೋಶಕೇಂದ್ರಗಳು ಆಸರೆಯ ಜೀವಕೋಶದೊಳಗೇ ಹೆಚ್ಚುತ್ತವೆ. ಕೊನೆಗೆ ಆ ಜೀವಕೋಶ ಯಾರದ್ದು ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಹತ್ತಿರದ ಸಂಬಂಧಿಗಳೇ ಯಾಕೆ ಪರಾವಲಂಬಿ ಆಗುತ್ತವೆ ಅನ್ನುವುದು ಈಗ ಅರ್ಥ ಆಗುತ್ತದೆ ಅಲ್ವಾ? ಬೆಸೆಯುವ ಸಾಮಾನು ಮೊದಲೇ ಇದೆ, ಅದು ಹತ್ತಿರದವರ ಮೇಲೆ ಸುಲಭಕ್ಕೆ ಕೆಲಸ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಪಾಚಿ ತಜ್ಞ ಸೆಚೆಲ್ 1918ರಲ್ಲೇ ಹೀಗೊಂದು ಊಹೆ ಮುಂದಿಟ್ಟಿದ್ದರು: ಗಿಡದ ಬೀಜಕ ಕೆಲವೊಮ್ಮೆ ಆ ಗಿಡದ ಮೇಲೆಯೇ ಮೊಳೆತು, ಹಾಗೇ ಅದರ ಮೇಲೆ ಬದುಕುವುದನ್ನು ರೂಢಿಸಿಕೊಂಡಿರಬೇಕು. ಇನ್ನೊಂದು ಸುಳಿವೂ ಇದೆ. ಮೇಲೆ ಹೇಳಿದ ಸಿಸ್ಟೊಕಾರ್ಪ್‌ನ ಒಳಗೆ ಬೆಳೆಯುವುದು ಕೆಂಪು ಪಾಚಿಯ ಒಂದು ಪ್ರತ್ಯೇಕ ತಲೆಮಾರು. ಅದು ಬದುಕುವುದೇ ತಾಯಿ ಗಿಡದ ಆಹಾರದಲ್ಲಿ. ಮೈಮೇಲೆ ಕೂತು ಉಣ್ಣುವ ಪದ್ಧತಿ ಕೆಂಪು ಪಾಚಿಗಳಲ್ಲಿ ಹೊಸದೇನಲ್ಲ.

ಗುಂಪಿಗೆ ಸೇರಿಸುವುದು

ಗೊತ್ತಿರುವ ಪರಾವಲಂಬಿ ಕೆಂಪು ಪಾಚಿಗಳು ನೂರಕ್ಕೂ ಹೆಚ್ಚು ಪ್ರಭೇದ. ಎಲ್ಲವೂ ಫ್ಲೋರಿಡಿಯೋಫೈಸಿ ಎಂಬ ಒಂದೇ ವರ್ಗದವು. ಆದರೆ ಆ ವರ್ಗದೊಳಗೆ ಒಂದೇ ಮನೆತನದವಲ್ಲ. ಬೇರೆ ಬೇರೆ ಗಣಗಳಲ್ಲಿ, ಬೇರೆ ಬೇರೆ ಕಾಲಕ್ಕೆ, ಮತ್ತೆ ಮತ್ತೆ ಸ್ವತಂತ್ರ ಪಾಚಿಗಳು ಪರಾವಲಂಬಿಗಳಾಗಿವೆ. ಎಲ್ಲವೂ ಚಿಕ್ಕದಾಗಿ, ಬಿಳಿಯಾಗಿ, ಉಂಡೆಯಾಗಿ ಕೊನೆಗೆ ಒಂದೇ ಥರ ಕಾಣುತ್ತವೆ.

ಹಳಬರು ಸಿಕ್ಕಿಬಿದ್ದದ್ದು ಇಲ್ಲೇ. 1926ರಲ್ಲಿ ಸ್ಟರ್ಚ್ ಎಂಬವರು ಕೊರಿಯೊಕೊಲಾಕೇಸಿ ಎಂಬ ಕುಟುಂಬ ಮಾಡಿ ಪರಾವಲಂಬಿಗಳನ್ನು ಅದಕ್ಕೆ ಸೇರಿಸಿದರು. 2004ರಲ್ಲಿ ಜುಕರೆಲ್ಲೊ, ಮೂನ್, ಗಾಫ್ ಡಿಎನ್‌ಎ ಹೋಲಿಸಿದಾಗ ಆ ಕುಟುಂಬ ಒಡೆದುಹೋಯಿತು. ಹೋಮ್‌ಸೆಲ್ಲಾ ಗ್ರಾಸಿಲೇರಿಯಾದ ಕಡೆಯವಳು, ಕೊರಿಯೊಕೊಲ್ಯಾಕ್ಸ್, ಹಾರ್ವಿಯೆಲ್ಲಾ, ಲೀಚಿಯೆಲ್ಲಾ ಮೂವರೂ ಪಾಲಿಸೈಫೋನಿಯಾ ಇರುವ ರೋಡೊಮೆಲೇಸಿ ಕುಟುಂಬದವರು. ಅಂದರೆ ತಂತಮ್ಮ ಆಸರೆಯ ಕುಟುಂಬವೇ.

ಓದುವಾಗ ಎರಡು ಹೆಸರು ಸಿಗುತ್ತವೆ. ಆಸರೆಯ ಹತ್ತಿರದ ಸಂಬಂಧಿ ಆದರೆ ಅಡೆಲ್ಫೋಪ್ಯಾರಸೈಟ್, ದೂರದ್ದಾದರೆ ಅಲೋಪ್ಯಾರಸೈಟ್. ಮೊದಲನೆಯ ಹೆಸರು ಫೆಲ್ಡ್‌ಮನ್ ದಂಪತಿ 1958ರಲ್ಲಿ ಕೊಟ್ಟದ್ದು. ಎರಡನ್ನೂ ಪರೀಕ್ಷೆಗೆ ಬರೆಯಿರಿ, ಆದರೆ ಗುಂಪು ಮಾಡಲು ಬಳಸಬೇಡಿ. ದೂರದವರು ಅಂತ ಹೆಸರಾಗಿದ್ದ ಹೋಮ್‌ಸೆಲ್ಲಾ, ಕೊರಿಯೊಕೊಲ್ಯಾಕ್ಸ್ ಎರಡೂ ಕೊನೆಗೆ ಆಸರೆಯ ಕುಟುಂಬಕ್ಕೇ ಬಂದು ಸೇರಿದವು. ನ್ಯೂಜಿಲೆಂಡಿನ ಟೆರೊಕ್ಲಾಡಿಯೊಫಿಲಾದ ಹಾಗೆ ಆಸರೆಯ ಗಣವನ್ನೇ ದಾಟಿದವು ಕಡಿಮೆ.

ಮನೆಯಲ್ಲಿ ಕೂತು ಮಾಡಬಹುದಾದ ಪರೀಕ್ಷೆ ಒಂದಿದೆ. ಗಂಟಿನೊಳಗೆ ನಾಲ್ಕು ನಾಲ್ಕಾಗಿ ಕೂತ ಟೆಟ್ರಾಸ್ಪೋರ್ ಬೀಜಕ ಸಿಕ್ಕರೆ ಅವು ಹೇಗೆ ಹಂಚಿಕೊಂಡಿವೆ ನೋಡಿ. ಕೂಡುವ ಚಿಹ್ನೆಯಂತೆ (+) ಅಡ್ಡ ಉದ್ದ ಸೀಳಿದ್ದರೆ ಗ್ರಾಸಿಲೇರಿಯಾ ಕಡೆಗೆ ಬೆರಳು ತೋರಿಸುತ್ತದೆ, ಗ್ರೇಟೆಲೂಪಿಯಾದಲ್ಲೂ ಹೀಗೇ ಇರುತ್ತದೆ. ಒಂದರ ಮೇಲೊಂದು ನಾಲ್ಕು ಪಟ್ಟಿಯಾಗಿದ್ದರೆ ಹಿಪ್ನಿಯಾ ಬಳಗ. ಮೂರು ಮುಂದೆ ಒಂದು ಹಿಂದೆ ಎಂಬಂತೆ ಒತ್ತಿಕೊಂಡಿದ್ದರೆ ಪಾಲಿಸೈಫೋನಿಯಾ, ಲಾರೆನ್ಸಿಯಾ ಬಳಗ. ಗಂಟಿನ ಬೀಜಕವೂ ಆಸರೆಯ ಬೀಜಕವೂ ಒಂದೇ ಥರ ಇದ್ದರೆ ಸಂಬಂಧಿ ಇರಬಹುದು, ಬೇರೆ ಥರ ಇದ್ದರೆ ದೂರದ್ದು ಇರಬಹುದು, ಆದರೆ ಇದೊಂದರಿಂದಲೇ ಖಂಡಿತ ಅನ್ನುವ ಹಾಗಿಲ್ಲ. ಆದರೆ ಕಂಡ ಬೀಜಕ ಗಂಟಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ, ಅಂಚಿನಲ್ಲಿ ಆಸರೆಯದ್ದೂ ಸೇರಿರುತ್ತದೆ.

ಕುಲದ ಹೆಸರಿನ ವಿಷಯದಲ್ಲಿ ಈಗ ಗಾಳಿ ತಿರುಗಿದೆ. ಪರಾವಲಂಬಿ ಎಂಬ ಒಂದೇ ಕಾರಣಕ್ಕೆ ಹೊಸ ಕುಲ ಮಾಡಿದರೆ, ಆಸರೆಯ ಕುಲದ ವಂಶವೃಕ್ಷದಿಂದ ನಡುವಿನ ಕೊಂಬೆ ಕಿತ್ತ ಹಾಗೆ ಆಗುತ್ತದೆ. 1877ರ ಜಾಂಚೆವ್‌ಸ್ಕಿಯಾವನ್ನು 2023ರಲ್ಲಿ ಲಾರೆನ್ಸಿಯಾದೊಳಗೇ ಸೇರಿಸಿದರು. ಸರಿಯಾದ ಕೆಲಸ ಅಂತಲೇ ನನಗೆ ಅನಿಸುತ್ತದೆ.

ಡಿಎನ್‌ಎ ಮಾಡಿಸುವುದಾದರೆ

ಇಲ್ಲಿ ಒಂದು ಗುಂಡಿ ಇದೆ. ಪಾಚಿಗಳ ಗುರುತಿಗೆ ಹೆಚ್ಚಾಗಿ ಬಳಸುವ ಆರ್‌ಬಿಸಿಎಲ್ ಜೀನ್ ಪ್ಲಾಸ್ಟಿಡ್‌ನಲ್ಲಿದೆ, ಬೆಳಕಿನಿಂದ ಆಹಾರ ಮಾಡುವ ಭಾಗದಲ್ಲಿ. ಗ್ರಾಸಿಲೇರಿಯೊಫಿಲಾದಂಥ ಪರಾವಲಂಬಿ ತನ್ನ ಪ್ಲಾಸ್ಟಿಡ್ ಬಿಟ್ಟು ಆಸರೆಯದ್ದನ್ನೇ ಕದ್ದು ತನ್ನ ಬೀಜಕದೊಳಗೆ ಕಟ್ಟಿ ಕಳಿಸುತ್ತದೆ ಎಂದು ಗಾಫ್ ಮತ್ತು ಕೋಲ್ಮನ್ 1995ರಲ್ಲಿ ತೋರಿಸಿದ್ದಾರೆ. ಆ ಗಂಟಿನ ಆರ್‌ಬಿಸಿಎಲ್ ಓದಿಸಿದರೆ ಆಸರೆಯ ಹೆಸರೇ ಬರುತ್ತದೆ, ನೀವು ಗಂಟು ಪರಾವಲಂಬಿಯೇ ಅಲ್ಲ ಅಂದುಕೊಳ್ಳುತ್ತೀರಿ. ಆದ್ದರಿಂದ ಕೋಶಕೇಂದ್ರದ ಒಂದು ಜೀನ್, ಮೈಟೊಕಾಂಡ್ರಿಯಾದ ಕಾಕ್ಸ್1 ಎಂಬ ಜೀನ್, ಇವೆರಡನ್ನೂ ಓದಿಸಿ. ಗಂಟಿನಿಂದ ದೂರದ ಆಸರೆಯ ತುಂಡನ್ನೂ ಬೇರೆಯಾಗಿ ಓದಿಸಿ ಹೋಲಿಸಬೇಕು. ಗಂಟಿನಲ್ಲಿ ಆಸರೆಯ ಜೀವಕೋಶ ಬೆರೆತೇ ಇರುತ್ತದೆ, ಹಾಗಾಗಿ ಹಣ್ಣಾದ ಗಂಟನ್ನು ಸೋಸಿದ ಸಮುದ್ರದ ನೀರಿನ ತಟ್ಟೆಯಲ್ಲಿ ರಾತ್ರಿ ಬಿಟ್ಟು, ಉದುರಿದ ಬೀಜಕ ಮಾತ್ರ ಎತ್ತಿಕೊಂಡರೆ ಶುದ್ಧ ಡಿಎನ್‌ಎ ಸಿಗುವ ಸಾಧ್ಯತೆ ಜಾಸ್ತಿ.

ಎಲ್ಲ ಪರಾವಲಂಬಿಯೂ ಕದಿಯುತ್ತದೆ ಅಂತ ಮಾತ್ರ ತಿಳಿಯಬೇಡಿ. ಕೊರಿಯೊಕೊಲ್ಯಾಕ್ಸ್ ತನ್ನದೇ ಪ್ಲಾಸ್ಟಿಡ್ ಇಟ್ಟುಕೊಂಡಿದೆ, 2015ರಲ್ಲಿ ಆ ಪ್ಲಾಸ್ಟಿಡ್‌ನ ಜೀನೋಮ್ ಓದಿದಾಗ ಸುಮಾರು 90 ಸಾವಿರ ಅಕ್ಷರ ಮಾತ್ರ ಇತ್ತು, ಸ್ವತಂತ್ರ ಬಂಧುಗಳ ಅರ್ಧದಷ್ಟು. ಬೆಳಕಿನ ಜೀನ್‌ಗಳು ಹೋಗಿವೆ, ಕೊಬ್ಬಿನ ಆಮ್ಲ, ಅಮೈನೋ ಆಮ್ಲ ಮಾಡುವ ಜೀನ್‌ಗಳು ಉಳಿದಿವೆ. ಲಾರೆನ್ಸಿಯಾದ ಪರಾವಲಂಬಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಉಳಿದಿದೆ. ಮೈಟೊಕಾಂಡ್ರಿಯಾದ ವಿಷಯದಲ್ಲಿ 2010ರಲ್ಲಿ ಪರಾವಲಂಬಿಗಳು ಮುಖ್ಯ ಜೀನ್‌ಗಳನ್ನು ಕಳೆದುಕೊಂಡಿವೆ ಎಂದು ಬರೆದಿದ್ದರು, 2017ರಲ್ಲಿ ಮತ್ತೆ ಓದಿ ನೋಡಿದಾಗ ಅವು ಇದ್ದವು. ಹಳೆ ಪಾಠ ಇಟ್ಟುಕೊಂಡವರು ಈ ಸಾಲು ತಿದ್ದಿಕೊಳ್ಳಿ.

ಕಾಪಿಡುವುದು

ಒತ್ತಿ ಒಣಗಿಸಿದರೆ ಗಂಟು ಮುದುಡಿ ಗುರುತೇ ಸಿಗುವುದಿಲ್ಲ. ಹಸಿ ಇರುವಾಗಲೇ ಅಳತೆ ಪಟ್ಟಿ ಪಕ್ಕ ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಮೂರು ಪಾಲು ಮಾಡಿ: ಒಂದು ಸಮುದ್ರದ ನೀರಲ್ಲಿ ಮಾಡಿದ ಶೇಕಡಾ 4ರ ಫಾರ್ಮಲಿನ್‌ಗೆ, ಇದು ಕತ್ತರಿಸಿ ನೋಡಲು. ಒಂದು ಸಿಲಿಕಾ ಜೆಲ್‌ಗೆ, ಇದು ಡಿಎನ್‌ಎಗೆ. ಚಪ್ಪಲಿ ಡಬ್ಬಿಯ ಪೊಟ್ಟಣ ಒಂದೆರಡು ಸಾಲದು, ನಮ್ಮ ಕಡೆಯ ತೇವಕ್ಕೆ ಜೆಲ್ ಧಾರಾಳ ಹಾಕಬೇಕು. ಇನ್ನೊಂದನ್ನು ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ನೀರಲ್ಲಿ ತೇಲಿಸಿ ಹರಡಿ, ಮೇಲೆ ಹಳೆ ಪಂಚೆ ಬಟ್ಟೆ, ಅದರ ಮೇಲೆ ಪೇಪರ್, ಮೇಲೆ ಭಾರ. ಪೇಪರ್ ದಿನಾ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಫಾರ್ಮಲಿನ್ ಮೂಗಿಗೆ, ಕಣ್ಣಿಗೆ ಒಳ್ಳೆಯದಲ್ಲ, ಹೊರಗೆ ಕೂತು ಮಾಡಿ, ಮಕ್ಕಳ ಕೈಗೆ ಸಿಗದ ಹಾಗಿಡಿ.

ಚೀಟಿಯಲ್ಲಿ ಜಾಗ, ತಾರೀಕು, ಇಳಿತದ ಹೊತ್ತು, ಆಸರೆಯ ಹೆಸರು, ಗಂಟು ಟಿಸಿಲಿನ ತುದಿಯಲ್ಲಿತ್ತೋ ಬುಡದಲ್ಲಿತ್ತೋ, ಒಂದು ಗಿಡದಲ್ಲಿ ಎಷ್ಟು, ಪಕ್ಕದ ಗಿಡಗಳಲ್ಲಿ ಇತ್ತೋ ಇಲ್ಲವೋ ಎಲ್ಲ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಬಾಟಲಿಯೊಳಗೆ ಕರಗಿಹೋಗುತ್ತದೆ.